ಅಜ್ಜಿಯ ಹೂದಾನಿ ಬೆಲ್ಜಿಯಂದಾ?

ಹಳೇ ಮೈಸೂರು ಸೀಮೆಯ ಯಾವುದೇ ಮನೆಗೆ ಹೋಗಿ, ಶೋಕೇಸಿನಲ್ಲಿರುವ ಹಳೆಯ ಗಾಜಿನ ವಸ್ತು ಎಲ್ಲಿಯದು ಅಂತ ಕೇಳಿ ನೋಡಿ. ಉತ್ತರ ಬಹುಮಟ್ಟಿಗೆ ಒಂದೇ: "ಬೆಲ್ಜಿಯಂದು." ಕನ್ನಡಿ ಬೆಲ್ಜಿಯಂದು, ದೀಪದ ಗ್ಲೋಬು ಬೆಲ್ಜಿಯಂದು, ಮೂಲೆಯಲ್ಲಿ ಪ್ಲಾಸ್ಟಿಕ್ ಗುಲಾಬಿ ಹೊತ್ತು ನಿಂತಿರುವ ಫ್ಲವರ್ ವಾಸೂ ಬೆಲ್ಜಿಯಂದು. ಅಷ್ಟು ಪುಟ್ಟ ದೇಶ ನಮ್ಮ ಇಷ್ಟೊಂದು ಮನೆಗಳಿಗೆ ಗಾಜು ಕಳಿಸಿದ್ದರೆ ಅಲ್ಲಿನ ಜನಕ್ಕೆ ಬೇರೆ ಕೆಲಸವೇ ಇರಲಿಲ್ಲ ಅನ್ನಬೇಕು.

ಹಳೇ ಗಾಜಿನ ಹುಚ್ಚು ನನಗೆ ಇದೆ ಅಂತ ಗೊತ್ತಾದ ಮೇಲೆ ನೆಂಟರು, ಸ್ನೇಹಿತರು ವಾಟ್ಸಾಪಿನಲ್ಲಿ ಫೋಟೋ ಕಳಿಸೋದು ಶುರುವಾಗಿದೆ. ಹೆಚ್ಚಿನವರು ನನ್ನ ವಯಸ್ಸಿನವರೇ. ಊರಿನ ಮನೆ ಮಾರಾಟವಾಗ್ತಿದೆ, ಅಥವಾ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸ್ತಿದ್ದಾರೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು, ಭಾನುವಾರ ಸಂಜೆಯೊಳಗೆ ಮೂರು ತಲೆಮಾರಿನ ಸಾಮಾನು ಖಾಲಿ ಮಾಡಿ ವಾಪಸ್ ಬರಬೇಕು. ಯಾವುದನ್ನು ಇಟ್ಟುಕೊಳ್ಳೋದು, ಯಾವುದು ಗುಜರಿಗೆ, ಯಾವುದು ಯಾರಿಗೆ? ಫೋಟೋದ ಕೆಳಗಿನ ಪ್ರಶ್ನೆ ಮಾತ್ರ ಎಲ್ಲರದ್ದೂ ಒಂದೇ: "ಎಷ್ಟು ಸಿಗಬಹುದು?"

ಆ ಪ್ರಶ್ನೆ ಮೂರನೆಯದು. ಅದಕ್ಕೂ ಮುಂಚೆ ಎರಡಿವೆ: ಇದು ಎಲ್ಲಿಯದು, ಯಾವ ಕಾಲದ್ದು? ಆ ಎರಡಕ್ಕೆ ಉತ್ತರ ಹುಡುಕೋದು ಅಂದರೆ ನಮ್ಮ ಮನೆಗಳಿಗೆ ಗಾಜು ಹೇಗೆ ಬಂತು ಅನ್ನೋ ಚರಿತ್ರೆಯನ್ನೇ ಓದಿದ ಹಾಗೆ.

ಮೊದಲು ಬೆಲ್ಜಿಯಂ ವಿಷಯ ಮುಗಿಸಿಬಿಡೋಣ. ಅದು ಪೂರ್ತಿ ಸುಳ್ಳಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಕಿಟಕಿಯ ಗಾಜು, ಕನ್ನಡಿಯ ಗಾಜು ಅಂದರೆ ಜಗತ್ತಿಗೆ ಬೆಲ್ಜಿಯಂ ಮುಖ್ಯ ಮೂಲಗಳಲ್ಲಿ ಒಂದಾಗಿತ್ತು. ಶಾರ್ಲರುವಾ ಸುತ್ತಮುತ್ತ ಕಲ್ಲಿದ್ದಲು ಇತ್ತು, ಕಲ್ಲಿದ್ದಲು ಇದ್ದ ಕಡೆ ಕುಲುಮೆ ಎದ್ದವು. ಹೂದಾನಿ, ಲೋಟಗಳಿಗೂ ಅಲ್ಲಿ ದೊಡ್ಡ ಹೆಸರೊಂದಿದೆ: ಲಿಯೇಜ್ ಹತ್ತಿರ 1826ರಲ್ಲಿ ಶುರುವಾದ ವಾಲ್ ಸೇಂಟ್ ಲ್ಯಾಂಬರ್ಟ್. ಆದರೆ ನಮ್ಮ ಮನೆಗಳಲ್ಲಿ ಆ ಹೆಸರು ನಿಂತಿದ್ದು ಕನ್ನಡಿಯಿಂದ. ಮುಖ ವಕ್ರವಾಗಿ ಕಾಣದ ಕನ್ನಡಿ ಅಂದರೆ ಬೆಲ್ಜಿಯಂ ಕನ್ನಡಿ. ಬರ್ತಾ ಬರ್ತಾ ಬೆಲ್ಜಿಯಂ ದೇಶದ ಹೆಸರಾಗಿ ಉಳೀಲಿಲ್ಲ, 'ಒಳ್ಳೇದು' ಅನ್ನೋ ಗುಣವಾಚಕ ಆಯ್ತು. ಎಂಬತ್ತರ ದಶಕದಲ್ಲಿ 'ಫಾರಿನ್' ಅನ್ನೋ ಪದ ಸೋಪಿಗೂ ಟೇಪ್‌ರೆಕಾರ್ಡರಿಗೂ ಅಂಟಿಕೊಂಡ ಹಾಗೆ.

ಬ್ರಿಟನ್ನಿನ ಗಾಜೂ ಇಲ್ಲಿಗೆ ಬಂತು, ಆದರೆ ಅದರ ಗಿರಾಕಿಗಳು ಬೇರೆ. 1807ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಶುರುವಾದ ಆಸ್ಲರ್ ಕಂಪನಿ ಕಲ್ಕತ್ತೆಯಲ್ಲೇ ಷೋರೂಂ ತೆರೆದಿತ್ತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಗಾಜಿನ ಕಾರಂಜಿ ನಿಲ್ಲಿಸಿದ್ದು ಇದೇ ಕಂಪನಿ. ರಾಜರಿಗೆ, ಜಮೀನ್ದಾರರಿಗೆ ತೂಗುದೀಪ, ಗಾಜಿನ ಪೀಠೋಪಕರಣ ಮಾರೋದು ಇವರ ವ್ಯಾಪಾರ. ಗುಮಾಸ್ತರ, ಮೇಷ್ಟರ, ಚಿಕ್ಕ ವರ್ತಕರ ಮನೆಗೆ ಬಂದ ಹೂದಾನಿ ಆ ದಾರಿಯಲ್ಲಿ ಬಂದಿರೋ ಸಂಭವ ಕಡಿಮೆ. ಅಂಥ ಮನೆಗಳ ವಿದೇಶಿ ಹೂದಾನಿಗೆ ನಾನು ಮೊದಲು ಅನುಮಾನಿಸೋದು ಬೊಹೀಮಿಯಾವನ್ನು, ಅಂದರೆ ಇವತ್ತಿನ ಚೆಕ್ ಗಣರಾಜ್ಯದ ಪಶ್ಚಿಮ ಭಾಗವನ್ನು.

ಬೊಹೀಮಿಯಾದಲ್ಲಿ ಕಾಡಿತ್ತು. ಕುಲುಮೆಗೆ ಸೌದೆ ಅಲ್ಲಿಂದಲೇ, ಸೌದೆ ಸುಟ್ಟ ಬೂದಿಯಿಂದ ಪೊಟ್ಯಾಶ್, ಪೊಟ್ಯಾಶ್ ಸೇರಿಸಿದರೆ ಗಟ್ಟಿಯಾದ, ಕೆತ್ತನೆಗೆ ಒಗ್ಗುವ ಗಾಜು. ಇಂಗ್ಲೆಂಡಿನವರು ಹಿಡಿದ ದಾರಿ ಬೇರೆ. 1674ರಲ್ಲಿ ಜಾರ್ಜ್ ರೇವನ್ಸ್‌ಕ್ರಾಫ್ಟ್ ಪೇಟೆಂಟ್ ಪಡೆದ ಮೇಲೆ ಅಲ್ಲಿ ಸೀಸ ಬೆರೆಸಿದ ಗಾಜು ಬೆಳೆಯಿತು. ಅದಕ್ಕೇ ಹಳೇ ಇಂಗ್ಲಿಷ್ ಗಾಜು ಕೈಗೆ ಭಾರ, ಉಗುರಿನಿಂದ ಮೆಲ್ಲಗೆ ತಟ್ಟಿದರೆ ಗಂಟೆಯ ಹಾಗೆ ನಾದ ಎಳೆಯುತ್ತೆ. ಬೊಹೀಮಿಯಾದ ಪೊಟ್ಯಾಶ್ ಗಾಜು ಅದಕ್ಕಿಂತ ಹಗುರ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಕೈಯಲ್ಲಿ ಎತ್ತಿದ ಕೂಡಲೇ ಅರ್ಧ ಊಹೆ ಮಾಡಬಹುದು.

ಬೊಹೀಮಿಯಾದವರ ನಿಜವಾದ ಜಾಣತನ ಇದ್ದದ್ದು ವ್ಯಾಪಾರದಲ್ಲಿ. ಹೈಡಾ, ಸ್ಟೈನ್‌ಶೋನಾವ್ ಅನ್ನೋ ಎರಡು ಊರುಗಳಿವೆ. ಇವತ್ತಿನ ಹೆಸರು ನೋವಿ ಬೋರ್, ಕಾಮೆನಿಟ್ಸ್ಕಿ ಶೆನೋವ್. ಅಲ್ಲಿನ ವರ್ತಕರು ಹದಿನೆಂಟನೇ ಶತಮಾನದಲ್ಲೇ ದೂರದೂರದ ಬಂದರುಗಳಿಗೆ ಗಾಜು ಕಳಿಸ್ತಿದ್ದರು. ಗಿರಾಕಿ ಯಾರೋ ಅವರಿಗೆ ತಕ್ಕ ಮಾಲು: ತುರ್ಕರಿಗೆ, ಪರ್ಷಿಯನ್ನರಿಗೆ ಹುಕ್ಕಾ ಬುರುಡೆ, ಪನ್ನೀರು ದಾನಿ, ಯುರೋಪಿನವರಿಗೆ ಲೋಟ, ಹೂದಾನಿ. ಊದುವ ಮನೆ ಒಂದು, ಬಣ್ಣ ಬರೆಯುವ ಮನೆ ಇನ್ನೊಂದು, ಚಿನ್ನದ ಗೆರೆ ಎಳೆಯುವ ಮನೆ ಮತ್ತೊಂದು. 1856ರಲ್ಲಿ ಸ್ಟೈನ್‌ಶೋನಾವ್‌ನಲ್ಲಿ ಗಾಜಿಗಂತಲೇ ಶಾಲೆ ತೆರೆದರು.

ನಮ್ಮಲ್ಲಿ ತುಂಬ ಜನ ಮಾರುಹೋಗುವ 'ಮಾಣಿಕ್ಯ ಕೆಂಪು' ಹೂದಾನಿಯ ಗುಟ್ಟೂ ಇಲ್ಲೇ ಇದೆ. ನಿಜವಾದ ಮಾಣಿಕ್ಯ ಗಾಜಿನಲ್ಲಿ ಚಿನ್ನದ ಅಥವಾ ತಾಮ್ರದ ಅಂಶ ಗಾಜಿನೊಳಗೇ ಇರುತ್ತೆ. ಅದು ದುಬಾರಿ, ಕಷ್ಟದ ಕೆಲಸ. ಫ್ರೀಡ್ರಿಕ್ ಎಗರ್‌ಮನ್ ಅನ್ನೋ ಬೊಹೀಮಿಯಾದ ಕುಶಲಿ 1832ರ ಹೊತ್ತಿಗೆ ಬೇರೊಂದು ಉಪಾಯ ಕಂಡುಹಿಡಿದ. ಬಣ್ಣವಿಲ್ಲದ ಗಾಜಿನ ಮೇಲೆ ಕೆಂಪು ಲೇಪ ಬಳಿದು ಮತ್ತೆ ಸುಡೋದು. ಲೇಪದ ಮೇಲೆ ಕೆತ್ತಿದರೆ ಒಳಗಿನ ಬಿಳಿ ಗಾಜು ಕಾಣುತ್ತೆ, ದ್ರಾಕ್ಷಿ ಬಳ್ಳಿಯೋ ಜಿಂಕೆಯೋ ಮೂಡುತ್ತೆ. ನೋಡೋಕೆ ಶ್ರೀಮಂತ, ಬೆಲೆ ಕೈಗೆಟಕುವಂಥದ್ದು. ಪರೀಕ್ಷೆ ಸುಲಭ: ಹೂದಾನಿಯ ಬಾಯಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಕೆಂಪು ಗಾಜಿನ ದಪ್ಪದಲ್ಲೆಲ್ಲ ಇದೆಯೋ, ಬರೀ ಚರ್ಮದಷ್ಟು ತೆಳ್ಳಗೆ ಮೇಲಿದೆಯೋ?

ಈಗ ನಮ್ಮ ಮನೆಯ ಕಥೆಗೆ ಬರ್ತೀನಿ, ಯಾಕಂದ್ರೆ ಈ ಅಂಚು ನೋಡೋ ಕೆಲಸ ಅಲ್ಲಿ ಬರೀ ಕುತೂಹಲವಾಗಿರಲಿಲ್ಲ.

ಅಜ್ಜಿ ತೀರಿಕೊಂಡ ಮೇಲೆ ಮೈಸೂರಿನ ಮನೆ ಮಾರೋದು ಅಂತಾಯ್ತು. ಅಜ್ಜಿಯ ಕೋಣೆಯ ಗಾಜಿನ ಬೀರುವಿನಲ್ಲಿ ಒಂದು ಜೊತೆ ಕೆಂಪು ಹೂದಾನಿ ಇತ್ತು, ಬಂಗಾರದ ಅಂಚು, ಮೈಮೇಲೆ ಬಳ್ಳಿಯ ಕೆತ್ತನೆ. ಅದನ್ನು ಅತ್ತೆಗೆ ಕೊಡ್ತೀನಿ ಅಂತ ಅಜ್ಜಿ ಎಲ್ಲರೆದುರು ಹೇಳಿದ್ದರು. ಯಾರ ತಕರಾರೂ ಇರಲಿಲ್ಲ. ಆದರೆ ಹಣದ ಲೆಕ್ಕ ಹಾಕೋ ದಿನ ಚಿಕ್ಕಪ್ಪ ಒಂದು ಮಾತು ತೆಗೆದರು. "ಅದು ಬೆಲ್ಜಿಯಂ ಗಾಜು. ನಮ್ಮ ತಾತನ ಮದುವೆಗೆ ಅರಮನೆಯ ದೊಡ್ಡ ಅಧಿಕಾರಿಯೊಬ್ಬರು ಕೊಟ್ಟಿದ್ದು. 1911ರ ಮದುವೆ. ಇವತ್ತು ಲಕ್ಷಗಟ್ಟಲೆ ಆಗುತ್ತೆ. ಅಕ್ಕ ತಗೊಳ್ಳಲಿ, ಬೇಡ ಅನ್ನಲ್ಲ. ಆದರೆ ಅಷ್ಟನ್ನ ಅವಳ ಪಾಲಿನಲ್ಲಿ ಕಳೀಬೇಕು."

ಅತ್ತೆ ಅವತ್ತು ಹೇಳಿದ್ದು ಇಷ್ಟೇ: "ಅಪ್ಪ ಅದನ್ನ ಬೊಂಬಾಯಿಂದ ತಂದ್ರು ಕಣೋ. ನಾನಾಗ ಆರು ವರ್ಷದವಳು. ಒಣಹುಲ್ಲಲ್ಲಿ ಸುತ್ತಿ ಮರದ ಪೆಟ್ಟಿಗೇಲಿ ಇಟ್ಟಿದ್ರು. ಹುಲ್ಲು ಬಿಡಿಸಿದ್ದು ನಾನೇ."

"ನಿಂಗೆ ಏನೋ ಬೇರೆ ನೆನಪಿರಬೇಕು ಬಿಡಕ್ಕಾ" ಅಂತ ಚಿಕ್ಕಪ್ಪ ತಳ್ಳಿಹಾಕಿದರು. ಉಳಿದವರೂ ಸುಮ್ಮನಾದರು. ಅರಮನೆಯ ಕಥೆ ಚೆನ್ನಾಗಿತ್ತು, ಐವತ್ತು ವರ್ಷದಿಂದ ಎಲ್ಲರೂ ಹೇಳಿಕೊಂಡು ಬಂದದ್ದು. ಆರು ವರ್ಷದ ಹುಡುಗಿಯ ನೆನಪು ಅದರ ಮುಂದೆ ನಿಲ್ಲಲಿಲ್ಲ.

ನನ್ನ ಕೈಗೆ ಹೂದಾನಿ ಬಂದಿದ್ದು ಆಗ. "ನೀನು ಇದನ್ನೆಲ್ಲ ಓದಿದೀಯಲ್ಲ, ನೋಡಿ ಹೇಳು" ಅಂದರು.

ಹಳೇ ಗಾಜನ್ನು ನೋಡೋದು ತಳದಿಂದ. ಮಂಚದ ಮೇಲೆ ಬೆಡ್‌ಶೀಟ್ ಮಡಿಸಿ ಹಾಸಿ, ಹಗಲು ಬೆಳಕಿನಲ್ಲಿ, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮಲಗಿಸಬೇಕು. ಊದಿ ಮಾಡಿದ ಗಾಜಾದರೆ, ಬಾಯಿಯ ಕಡೆ ಕೆಲಸ ಮಾಡುವಾಗ ತಳಕ್ಕೆ ಒಂದು ಕಬ್ಬಿಣದ ಸರಳು ಅಂಟಿಸಿರ್ತಾರೆ. ಕೊನೆಗೆ ಅದನ್ನು ಮುರಿದಾಗ ಒರಟು ಗಾಯದಂಥ ಗುರುತು ಉಳಿಯುತ್ತೆ, ಅದೇ ಪಾಂಟಿಲ್ ಮಾರ್ಕ್. ಒಳ್ಳೆಯ ಕಾರ್ಖಾನೆಯವರು ಅದನ್ನು ಉಜ್ಜಿ ನುಣುಪಾದ ಕುಳಿ ಮಾಡ್ತಾರೆ. ಅಚ್ಚಿನಲ್ಲಿ ಒತ್ತಿದ ಗಾಜಾದರೆ ಈ ಗುರುತಿನ ಬದಲು ಪಕ್ಕದಲ್ಲಿ ಮೇಲಿಂದ ಕೆಳಗೆ ತೆಳ್ಳನೆಯ ಗೆರೆ ಸಿಗುತ್ತೆ, ಅಚ್ಚಿನ ಎರಡು ಭಾಗ ಕೂಡಿದ ಜಾಗ. ಎರಡನೆಯದು ಸವೆತ. ದಶಕಗಟ್ಟಲೆ ಮರದ ಹಲಗೆಯ ಮೇಲೆ ನಿಂತ ಹೂದಾನಿಯ ತಳದ ಅಂಚಿನಲ್ಲಿ ಸಣ್ಣ ಸಣ್ಣ ಗೀರುಗಳಿರ್ತವೆ, ಬೇರೆ ಬೇರೆ ದಿಕ್ಕಿಗೆ, ಬೇರೆ ಬೇರೆ ಆಳಕ್ಕೆ. ಹೊಸದನ್ನು ಹಳೇದು ಮಾಡಲು ಉಪ್ಪುಕಾಗದ ಉಜ್ಜಿದ್ದರೆ ಗೀರುಗಳೆಲ್ಲ ಒಂದೇ ದಿಕ್ಕಿಗೆ, ಒಂದೇ ಸಮ. ಭೂತಗನ್ನಡಿ ಸಾಕು, ಮೊಬೈಲ್ ಕ್ಯಾಮೆರಾದ ಜೂಮ್ ಕೂಡ ಆದೀತು.

ಮೂರನೆಯದು ಅಕ್ಷರ. ಅತ್ತೆಯ ಹೂದಾನಿಯ ತಳದಲ್ಲಿ, ಓರೆಯಾಗಿ ಬೆಳಕು ಬಿಟ್ಟಾಗ ಮಾತ್ರ ಕಾಣುವ ಹಾಗೆ, ಆಸಿಡ್‌ನಿಂದ ಒತ್ತಿದ ಒಂದು ಪುಟ್ಟ ದುಂಡು ಮುದ್ರೆ ಇತ್ತು. ಒಳಗೆ ಇಂಗ್ಲಿಷಿನಲ್ಲಿ: ಮೇಡ್ ಇನ್ ಚೆಕೋಸ್ಲೊವಾಕಿಯಾ.

ಗಾಜಿನ ಮೇಲಿರೋ ದೇಶದ ಹೆಸರು ಒಂದು ಗಡಿಯಾರ. ಚೆಕೋಸ್ಲೊವಾಕಿಯಾ ಅನ್ನೋ ದೇಶ ಹುಟ್ಟಿದ್ದು 1918ರ ಅಕ್ಟೋಬರ್ 28ರಂದು, ಮೊದಲನೇ ಮಹಾಯುದ್ಧದಲ್ಲಿ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯ ಕುಸಿದಾಗ. ಅದು ಇಲ್ಲವಾಗಿದ್ದು 1992ರ ಕೊನೆಗೆ. ಅದಕ್ಕೂ ಮುಂಚೆ ಅದೇ ಊರಿನ ಅದೇ ಗಾಜಿನ ಮೇಲೆ ದೇಶದ ಹೆಸರಿದ್ದರೆ ಬೊಹೀಮಿಯಾ ಅಂತಲೋ ಆಸ್ಟ್ರಿಯಾ ಅಂತಲೋ ಇರಬೇಕು. 1911ರ ಮದುವೆಗೆ, ಇನ್ನೂ ಏಳು ವರ್ಷ ಬಿಟ್ಟು ಹುಟ್ಟುವ ದೇಶದಿಂದ ಉಡುಗೊರೆ ಬರೋಕೆ ಸಾಧ್ಯ ಇಲ್ಲ.

ಇಂಥ ಗಡಿಯಾರ ಇನ್ನೂ ಕೆಲವಿವೆ. ಅಮೆರಿಕಕ್ಕೆ ಹೋಗುವ ಮಾಲಿನ ಮೇಲೆ ತಯಾರಾದ ದೇಶದ ಹೆಸರಿರಬೇಕು ಅಂತ ಮೆಕಿನ್ಲಿ ಸುಂಕ ಕಾಯ್ದೆ ಕಡ್ಡಾಯ ಮಾಡಿದ್ದು 1891ರಿಂದ. ಅಲ್ಲಿಂದಾಚೆಗೆ ದೇಶದ ಹೆಸರು ಕಾಣೋದು ಜಾಸ್ತಿಯಾಯ್ತು. 'ಆಕ್ಯುಪೈಡ್ ಜಪಾನ್' ಅಂತ ಇದ್ದರೆ ಎರಡನೇ ಯುದ್ಧದ ನಂತರ, 1952ರೊಳಗಿನದು. ಇಂಗ್ಲಿಷಿನ 'ಆರ್‌ಡಿ' ಅಕ್ಷರಗಳ ಮುಂದೆ ಒಂದು ಸಂಖ್ಯೆ ಇದ್ದರೆ ಅದು ಬ್ರಿಟನ್ನಿನಲ್ಲಿ ನೋಂದಾಯಿಸಿದ ವಿನ್ಯಾಸ. ಆ ಸಂಖ್ಯೆಗಳು ಶುರುವಾಗಿದ್ದು 1884ರಲ್ಲಿ. ಪುಟ್ಟ ನವಿಲಿನ ತಲೆ ಇದ್ದರೆ ಗೇಟ್ಸ್‌ಹೆಡ್‌ನ ಸೋವರ್‌ಬಿ ಕಾರ್ಖಾನೆಯದು. ಆದರೆ ಒಂದು ಎಚ್ಚರ: ಮುದ್ರೆ ಇಲ್ಲ ಅಂದಮಾತ್ರಕ್ಕೆ ತುಂಬಾ ಹಳೇದು ಅಂತಲ್ಲ. ಎಷ್ಟೋ ವಸ್ತುಗಳಿಗೆ ಬರೀ ಕಾಗದದ ಚೀಟಿ ಅಂಟಿಸಿರ್ತಿದ್ದರು, ಮೊದಲ ಸಲ ತೊಳೆದಾಗಲೇ ಅದು ಹೋಯ್ತು.

ನಮ್ಮ ಹೂದಾನಿಯ ಮುದ್ರೆ ಹೇಳಿದ್ದು 1918ರಿಂದ 1992ರ ನಡುವೆ ಅಂತ ಮಾತ್ರ. ಎಪ್ಪತ್ತನಾಲ್ಕು ವರ್ಷದ ಆ ಅಂತರವನ್ನು ಕಿರಿದು ಮಾಡಿದ್ದು ಅತ್ತೆಯ ನೆನಪು. ಅವರಿಗೆ ಆರು ವರ್ಷ ಅಂದರೆ ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷ. ಆ ಹೊತ್ತಿಗೆ ಬೊಹೀಮಿಯಾದ ಗಾಜಿನ ಊರುಗಳ ಗತಿಯೇ ಬದಲಾಗಿತ್ತು. ಎರಡನೇ ಯುದ್ಧ ಮುಗಿದ ಮೇಲೆ ಅಲ್ಲಿನ ಜರ್ಮನ್ ಮಾತಾಡುವ ಕುಟುಂಬಗಳನ್ನು ದೇಶದಿಂದ ಹೊರಹಾಕಿದರು. ತಲೆಮಾರುಗಳಿಂದ ಗಾಜು ಮಾಡುತ್ತಿದ್ದವರು ಬವೇರಿಯಾಕ್ಕೆ ಹೋಗಿ, ತಾವು ಬಿಟ್ಟುಬಂದ ಗಾಬ್ಲೋನ್ಜ್ ಊರಿನ ನೆನಪಿಗೆ ನೊಯ್‌ಗಾಬ್ಲೋನ್ಜ್ ಅಂತ ಹೊಸ ಬಡಾವಣೆಯನ್ನೇ ಕಟ್ಟಿಕೊಂಡರು. ಹಳೇ ಕಾರ್ಖಾನೆಗಳು ಸರ್ಕಾರದ್ದಾದವು, ರಫ್ತು ಮುಂದುವರಿಯಿತು. ಅದೇ ಚೆಕೋಸ್ಲೊವಾಕಿಯಾದ ಜಾವಾ ಬೈಕನ್ನು ಅರವತ್ತರ ದಶಕದಲ್ಲಿ ನಮ್ಮ ಮೈಸೂರಿನ ಕಾರ್ಖಾನೆಯಲ್ಲೇ ತಯಾರಿಸೋಕೆ ಶುರುಮಾಡಿದರು ಅನ್ನೋದು ನಿಮಗೆ ಗೊತ್ತೇ ಇದೆ.

ಬಾಯಿಯ ಅಂಚನ್ನೂ ನೋಡಿದೆ. ಕೆಂಪು ಇದ್ದದ್ದು ಚರ್ಮದಷ್ಟೇ, ಎಗರ್‌ಮನ್ ಕಂಡುಹಿಡಿದ ಲೇಪ. ಒಂದರ ಬಾಯಲ್ಲಿ ಅಕ್ಕಿಕಾಳಿನಷ್ಟು ಚೂರು ಹಾರಿತ್ತು. ಹಳೇ ವಸ್ತುಗಳ ವ್ಯಾಪಾರಿಗಳಿಬ್ಬರಿಗೆ ತೋರಿಸಿದೆವು. ಇಬ್ಬರೂ ಬೇರೆ ಬೇರೆಯಾಗಿ ಹೇಳಿದ ಬೆಲೆಯಲ್ಲಿ ಒಂದು ಸಾಧಾರಣ ಮೊಬೈಲ್ ಕೂಡ ಬರ್ತಿರಲಿಲ್ಲ. ಅತ್ತೆಯ ಪಾಲಿನಲ್ಲಿ ಏನನ್ನೂ ಕಳೆಯಲಿಲ್ಲ. ಚಿಕ್ಕಪ್ಪ ಸ್ವಲ್ಪ ಹೊತ್ತು ತಳ ತಿರುಗಿಸಿ ನೋಡಿ, "ಸರಿ ಅಕ್ಕಾ, ನೀನು ಹೇಳಿದ್ದೇ ಸರಿ" ಅಂದರು. ಹೂದಾನಿಗಿಂತ ಆ ಮಾತು ಅತ್ತೆಗೆ ಹೆಚ್ಚಾಯ್ತು ಅಂತ ನನ್ನ ಅನಿಸಿಕೆ.

ಅವತ್ತಿನ ನಿಜವಾದ ಆಶ್ಚರ್ಯ ಇದ್ದದ್ದು ದೇವರ ಮನೆಯಲ್ಲಿ. ಅಲ್ಲಿ ನವಿಲುಗರಿ ಸಿಕ್ಕಿಸಿಡ್ತಿದ್ದ ಒಂದು ಕಿತ್ತಳೆ ಬಣ್ಣದ ಹೂದಾನಿ ಇತ್ತು. ಒಂದು ಕೈ ಹೂದಾನಿಯನ್ನು ಹಿಡಿದಿರೋ ಆಕಾರ, ಮೈಮೇಲೆ ನೀರಿನ ಮೇಲೆ ಎಣ್ಣೆ ಹರಡಿದಾಗ ಕಾಣುವಂಥ ಬಣ್ಣ. "ದಸರಾ ಎಕ್ಸಿಬಿಷನ್‌ದು, ಬಿಸಾಕು" ಅಂದಿದ್ದರು ಎಲ್ಲ. ಗುಜರಿಗೆ ಅಂತ ಕಟ್ಟಿದ್ದ ಗೋಣಿಚೀಲದ ಪಕ್ಕದಲ್ಲಿತ್ತು. ತಿರುಗಿಸಿದರೆ ತಳದಲ್ಲಿ ಅಚ್ಚಿನಲ್ಲೇ ಮೂಡಿದ ನಾಲ್ಕು ಇಂಗ್ಲಿಷ್ ಅಕ್ಷರ: ಜೆ, ಎ, ಐ, ಎನ್. ಜೈನ್.

ಈ ಬಣ್ಣದ ಚರಿತ್ರೆ ಅಮೆರಿಕದಿಂದ ಶುರುವಾಗುತ್ತೆ. 1890ರ ದಶಕದಲ್ಲಿ ನ್ಯೂಯಾರ್ಕಿನ ಟಿಫನಿ, ಬೊಹೀಮಿಯಾದ ಲೋಟ್ಜ್ ಮೊದಲಾದವರು ಕಾಮನಬಿಲ್ಲಿನ ಹೊಳಪಿರುವ ಗಾಜು ಮಾಡ್ತಿದ್ದರು. ಶ್ರೀಮಂತರಿಗೆ ಮಾತ್ರ. 1907-08ರ ಹೊತ್ತಿಗೆ ವೆಸ್ಟ್ ವರ್ಜೀನಿಯಾದ ಫೆಂಟನ್ ಕಂಪನಿ ಅದನ್ನೇ ಅಗ್ಗವಾಗಿ ಮಾಡಿತು. ಅಚ್ಚಿನಲ್ಲಿ ಒತ್ತಿದ ಮಾಮೂಲಿ ಗಾಜು ಇನ್ನೂ ಬಿಸಿಯಿರುವಾಗ ಅದರ ಮೇಲೆ ತವರ, ಕಬ್ಬಿಣದಂಥ ಲೋಹದ ಲವಣದ ದ್ರಾವಣ ಸಿಂಪಡಿಸೋದು. ತೆಳ್ಳನೆಯ ಪದರ ಕೂರುತ್ತೆ, ಬೆಳಕು ಅದರ ಮೇಲೆ ಬಣ್ಣ ಬಣ್ಣವಾಗಿ ಒಡೆಯುತ್ತೆ. ಮುಂದೆ ಫ್ಯಾಷನ್ ಹೋಗಿ, ಉಳಿದ ಮಾಲನ್ನು ಜಾತ್ರೆಗಳಲ್ಲಿ ಬಹುಮಾನವಾಗಿ ಕೊಟ್ಟರಂತೆ. ಅದರಿಂದಲೇ 'ಕಾರ್ನಿವಲ್ ಗ್ಲಾಸ್' ಅನ್ನೋ ಹೆಸರು ಎಷ್ಟೋ ವರ್ಷದ ಮೇಲೆ ಅಂಟಿಕೊಂಡಿತು. ದಸರಾ ಎಕ್ಸಿಬಿಷನ್ನಿನಲ್ಲಿ ಕೊಂಡದ್ದಕ್ಕೆ ಇದಕ್ಕಿಂತ ಸರಿಯಾದ ಹೆಸರು ಸಿಗೋದು ಕಷ್ಟ.

ಭಾರತದಲ್ಲಿ ಇದನ್ನು ಮಾಡಿದ್ದು ಫಿರೋಜಾಬಾದಿನ ಸುತ್ತಮುತ್ತ. ನಮಗೆ ಫಿರೋಜಾಬಾದ್ ಅಂದರೆ ಗಾಜಿನ ಬಳೆ. ಆದರೆ ಮೊದಲನೇ ಯುದ್ಧಕ್ಕೆ ಮುಂಚೆ ನಮ್ಮ ಹೆಂಗಸರು ತೊಡ್ತಿದ್ದ ಬಳೆಗಳಲ್ಲಿ ದೊಡ್ಡ ಪಾಲು ಬರ್ತಿದ್ದದ್ದು ಆಸ್ಟ್ರಿಯಾ-ಹಂಗೆರಿಯಿಂದ, ಅದೇ ಬೊಹೀಮಿಯಾದ ಕಡೆಯಿಂದ. ಗಾಜು ಇಲ್ಲೇ ತಯಾರಾಗಬೇಕು ಅನ್ನೋದು ಸ್ವದೇಶಿ ಚಳವಳಿಯ ಕನಸುಗಳಲ್ಲೊಂದು. ಒಬ್ಬೊಬ್ಬರಿಂದ ಒಂದೊಂದು ಪೈಸೆ ಕೂಡಿಸಿದ ನಿಧಿಯಿಂದ ಪುಣೆ ಹತ್ತಿರದ ತಳೆಗಾಂವ್‌ನಲ್ಲಿ 1908ರಲ್ಲಿ 'ಪೈಸಾ ಫಂಡ್' ಗಾಜಿನ ಕಾರ್ಖಾನೆ ಎದ್ದಿತು. 1914ರಲ್ಲಿ ಯುದ್ಧ ಶುರುವಾಗಿ ಶತ್ರುದೇಶದ ಬಳೆ ನಿಂತಾಗ ಜಪಾನ್ ನುಗ್ಗಿತು, ಜೊತೆಗೆ ಫಿರೋಜಾಬಾದೂ ಬೆಳೆಯಿತು. ಬಳೆಯಿಂದ ಲೋಟ, ಲೋಟದಿಂದ ಹೂದಾನಿ. ಸ್ವಾತಂತ್ರ್ಯದ ಹಿಂದುಮುಂದಿನ ದಶಕಗಳಲ್ಲಿ ಜೈನ್ ಗ್ಲಾಸ್ ವರ್ಕ್ಸ್ ಈ ಕಾರ್ನಿವಲ್ ಗಾಜಿನಲ್ಲಿ ಮೀನು, ಆನೆ, ಕೈಯ ಆಕಾರದ ಹೂದಾನಿಗಳನ್ನು ಮಾಡಿತು.

ತಮಾಷೆ ಏನು ಗೊತ್ತಾ? ಇವೇ ಲೋಟ, ಹೂದಾನಿಗಳು ಆಸ್ಟ್ರೇಲಿಯಾ, ಅಮೆರಿಕದ ಸಂಗ್ರಾಹಕರ ಕೈಗೆ ಸಿಕ್ಕಾಗ ಇವು ಎಲ್ಲಿಯವು ಅಂತ ಅವರಿಗೆ ತಿಳಿಯದೇ ಹೋಯ್ತು. ತಮ್ಮ ಯಾವ ಕಾರ್ಖಾನೆಯ ಕ್ಯಾಟಲಾಗಿನಲ್ಲೂ ಇಲ್ಲದ ವಿನ್ಯಾಸ, ತೆಳು ಗಾಜು, ವಿಚಿತ್ರ ಆಕಾರ. ಕಾರ್ನಿವಲ್ ಗಾಜಿನ ಬಗ್ಗೆ ಪುಸ್ತಕಗಳನ್ನೇ ಬರೆದಿರುವ ಗ್ಲೆನ್ ಮತ್ತು ಸ್ಟೀಫನ್ ಥಿಸಲ್‌ವುಡ್ ದಂಪತಿಯಂಥವರು ಬೆನ್ನುಹತ್ತಿ, ತಳದ ಅಕ್ಷರಗಳನ್ನು ಹಿಡಿದು ಇವುಗಳ ಮೂಲವನ್ನು ಭಾರತದವರೆಗೆ ತಂದು ನಿಲ್ಲಿಸಿದರು. ಇಲ್ಲಿ ನಾವು ನಮ್ಮದಲ್ಲದ್ದನ್ನೆಲ್ಲ ಬೆಲ್ಜಿಯಂ ಅಂತ ಬೀರುವಿನಲ್ಲಿಟ್ಟು, ನಮ್ಮದನ್ನು ಗುಜರಿಗೆ ಹಾಕ್ತಿದ್ದೆವು. ಅಲ್ಲಿ ಅವರು ನಮ್ಮದನ್ನು ಬೀರುವಿನಲ್ಲಿಟ್ಟುಕೊಂಡು ಇದು ಯಾರದು ಅಂತ ಹುಡುಕ್ತಿದ್ದರು.

ಜೈನ್ ಗ್ಲಾಸ್ ವರ್ಕ್ಸ್‌ನ ಸೇಠ್ ಛದಾಮಿಲಾಲ್ ಜೈನ್ ಅವರ ಹೆಸರಿಗೆ ನಮ್ಮ ಕರಾವಳಿಯ ಜೊತೆಗೂ ಒಂದು ನಂಟಿದೆ. ಅವರು ಫಿರೋಜಾಬಾದಿನಲ್ಲಿ ಕಟ್ಟಿಸಿದ ಜೈನ ಮಂದಿರದ ಬೃಹತ್ ಬಾಹುಬಲಿ ಮೂರ್ತಿಯನ್ನು ಕೆತ್ತಿದ್ದು ಕಾರ್ಕಳದಲ್ಲಿ, ಧರ್ಮಸ್ಥಳದ ಬಾಹುಬಲಿಯನ್ನು ಕೆತ್ತಿದ ರೆಂಜಾಳ ಗೋಪಾಲ ಶೆಣೈ ಅವರು. ಕಾರ್ಕಳದ ಕಲ್ಲು ಫಿರೋಜಾಬಾದಿಗೆ ಹೋಯ್ತು, ಫಿರೋಜಾಬಾದಿನ ಗಾಜು ದಸರೆಯ ಅಂಗಡಿಗೆ ಬಂತು.

ಇನ್ನು ಬೆಲೆಯ ವಿಷಯ. ಕಿತ್ತಳೆ ಹೂದಾನಿಯಿಂದ ನಾವೇನು ಶ್ರೀಮಂತರಾಗಲಿಲ್ಲ. ಆದರೆ ವ್ಯಾಪಾರಿಗಳಲ್ಲಿ ಒಬ್ಬರು ಅದನ್ನು ನೋಡಿದಾಗ ಮಾತ್ರ ಕುರ್ಚಿಯಿಂದ ಎದ್ದು ಬಂದರು. ಬೇಕಾದವರು ಇರೋ ವಸ್ತುವಿಗೆ ಬೆಲೆ, ಬರೀ ಹಳೇದಾದ್ದಕ್ಕೆ ಅಲ್ಲ. ನೀವೇ ಬೆಲೆ ಕಟ್ಟಲು ಹೊರಟರೆ ಕೆಲವು ಮಾತು ನೆನಪಿಡಿ.

ಇಂಟರ್‌ನೆಟ್ಟಿನಲ್ಲಿ ಕಾಣೋದು ಕೇಳುವ ಬೆಲೆ. ಯಾರು ಎಷ್ಟು ಬೇಕಾದರೂ ಕೇಳಬಹುದು. ನೋಡಬೇಕಾದ್ದು ಮಾರಾಟವಾದ ಬೆಲೆ, ಹರಾಜು ತಾಣಗಳಲ್ಲಿ ಅದನ್ನೇ ಬೇರೆ ಮಾಡಿ ನೋಡುವ ದಾರಿ ಇರುತ್ತೆ. ಚೂರು ಹಾರಿದ್ದರೆ, ಕೂದಲೆಳೆ ಬಿರುಕಿದ್ದರೆ ಬೆಲೆ ಜೋರಾಗಿ ಇಳಿಯುತ್ತೆ. ವರ್ಷಗಟ್ಟಲೆ ನೀರು ನಿಂತು ಒಳಮೈ ಮಬ್ಬಾಗಿದ್ದರೆ ಅದು ಕೊಳೆಯಲ್ಲ, ಗಾಜಿನ ಮೇಲ್ಮೈಯೇ ಕೆಟ್ಟಿರೋದು. ಎಷ್ಟು ಉಜ್ಜಿದರೂ ಹೋಗಲ್ಲ. ಜೊತೆ ಇದ್ದರೆ ಜೊತೆಯಾಗೇ ಇರಲಿ. ಪಾಲು ಮಾಡೋ ಹಠದಲ್ಲಿ ಅಣ್ಣನಿಗೊಂದು ತಮ್ಮನಿಗೊಂದು ಅಂತ ಹಂಚಿದರೆ ಇಬ್ಬರಿಗೂ ನಷ್ಟ.

ದೊಡ್ಡ ಹೆಸರಿನ ಸಹಿ ಕಂಡರೆ ಖುಷಿಪಡೋ ಮುಂಚೆ ಅನುಮಾನ ಪಡಿ. ಫ್ರಾನ್ಸಿನ ನ್ಯಾನ್ಸಿ ಊರಿನ ಎಮಿಲ್ ಗ್ಯಾಲೆ ತೀರಿಕೊಂಡಿದ್ದು 1904ರಲ್ಲಿ. ಆಮೇಲೂ ಅವನ ಕಾರ್ಖಾನೆ ನಡೀತು, ಕೆಲಕಾಲ ಸಹಿಯ ಪಕ್ಕ ಒಂದು ನಕ್ಷತ್ರ ಹಾಕ್ತಿದ್ದರು. ಇತ್ತೀಚಿನ ದಶಕಗಳಲ್ಲಿ ರೊಮೇನಿಯಾದಲ್ಲಿ ಅದೇ ಶೈಲಿಯ ಹೂದಾನಿ ಮಾಡಿ 'ಗ್ಯಾಲೆ ಟಿಪ್' ಅಂತ ಬರೆದು ಮಾರಿದರು. ಟಿಪ್ ಅಂದರೆ ಅವರ ಭಾಷೆಯಲ್ಲಿ 'ಮಾದರಿಯದು' ಅಂತ. ಅವರು ಬರೆದದ್ದೇನೋ ಪ್ರಾಮಾಣಿಕವೇ. ಆ ಮೂರಕ್ಷರವನ್ನು ಉಜ್ಜಿ ಅಳಿಸಿ ಮಾರಿದವರು ಮೋಸಗಾರರು. ಹಸಿರು-ಹಳದಿ ಗಾಜು ಯುವಿ ಟಾರ್ಚಿನ ಕೆಳಗೆ ಹಸಿರಾಗಿ ಹೊಳೆದರೆ ಅದರಲ್ಲಿ ಯುರೇನಿಯಂ ಇದೆ ಅಂತ. 1830ರ ದಶಕದಲ್ಲಿ ಬೊಹೀಮಿಯಾದ ಯೋಸೆಫ್ ರೀಡೆಲ್ ಇದನ್ನು ಹೆಸರುವಾಸಿ ಮಾಡಿ ತನ್ನ ಹೆಂಡತಿ ಆನಾಳ ಹೆಸರಿಟ್ಟ. ಶೋಕೇಸಿನಲ್ಲಿ ಇಟ್ಟುಕೊಂಡರೆ ಭಯವಿಲ್ಲ. ಆದರೆ ಈಗಲೂ ಅಂಥ ಗಾಜು ಮಾಡ್ತಾರೆ, ಹಾಗಾಗಿ ಹೊಳೆದದ್ದೆಲ್ಲ ಹಳೇದಲ್ಲ.

ಕೊನೆಯದಾಗಿ ಕಾನೂನು. ನಮ್ಮ ಡಲ್ಲಾಸಿನ ಕಸಿನ್ "ನನಗೊಂದು ಕಳಿಸಿ" ಅಂದಾಗ ಇದು ಎದ್ದಿತು. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸೋ ಹಾಗಿಲ್ಲ. ನಮ್ಮದು ಎಂಬತ್ತು ವರ್ಷವೂ ಆಗಿಲ್ಲ ಅನ್ನಬಹುದು, ಆದರೆ ಕಸ್ಟಮ್ಸಿನವರಿಗೆ ಅನುಮಾನ ಬಂದರೆ ಇದು ಪುರಾತನ ವಸ್ತುವಲ್ಲ ಅಂತ ಪುರಾತತ್ವ ಇಲಾಖೆಯ ಪ್ರಮಾಣಪತ್ರ ಬೇಕಾಗಬಹುದು. ಸೂಟ್‌ಕೇಸಿನಲ್ಲಿ ಸೀರೆಯ ನಡುವೆ ಸುತ್ತಿಕೊಂಡು ಹೋಗೋ ಮುಂಚೆ ಇದು ಗೊತ್ತಿರಲಿ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನಿಸೋದು ಇದು. ಎಲ್ಲಿ ಹುಟ್ಟಿದ್ದು, ಹೇಗೆ ಮಾಡಿದ್ದು, ಸುಮಾರು ಯಾವ ಕಾಲ, ಇದನ್ನೆಲ್ಲ ಗಾಜು ತಾನೇ ಹೇಳುತ್ತೆ. ಇವತ್ತಲ್ಲದಿದ್ದರೆ ಇಪ್ಪತ್ತು ವರ್ಷ ಬಿಟ್ಟು ಯಾರೋ ತಳ ತಿರುಗಿಸಿ ಓದಬಹುದು. ಆದರೆ ಅದು ನಮ್ಮ ಮನೆಗೆ ಹೇಗೆ ಬಂತು, ಯಾರು ಕೊಂಡರು, ಹುಲ್ಲು ಬಿಡಿಸಿದವರು ಯಾರು ಅನ್ನೋದು ಗಾಜಿಗೆ ಗೊತ್ತಿಲ್ಲ. ಅದು ಗೊತ್ತಿರೋರು ಎಪ್ಪತ್ತು ಎಂಬತ್ತರ ಅಂಚಿನಲ್ಲಿದ್ದಾರೆ, ಮತ್ತು ಬಹಳ ಸಲ ಅವರು ಹೇಳಿದ್ದನ್ನು ನಾವು ಕೇಳಿಸಿಕೊಂಡಿರಲ್ಲ.

ಆದ್ದರಿಂದ ಮುಂದಿನ ಸಲ ಊರಿಗೆ ಹೋದಾಗ ಬೀರುವಿನ ಮುಂದೆ ಕೂತು ಮೂರು ಫೋಟೋ ತೆಗೆಯಿರಿ: ಇಡೀ ವಸ್ತು, ಬಾಯಿಯ ಅಂಚು, ತಳ. ಆಮೇಲೆ ಮೊಬೈಲಿನ ರೆಕಾರ್ಡರ್ ಒತ್ತಿ, ಮನೆಯಲ್ಲಿ ಯಾರ ಮಾತಿಗೆ ಕಡಿಮೆ ಬೆಲೆ ಇದೆಯೋ ಅವರನ್ನೇ ಮೊದಲು ಕೇಳಿ. ಅಡುಗೆಮನೆಯಲ್ಲಿದ್ದ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮಂದಿರನ್ನು. ವಸ್ತುಗಳನ್ನು ಒರೆಸಿ ತೊಳೆದವರು ಅವರೇ, ಯಾವುದು ಯಾವಾಗ ಬಂತು ಅನ್ನೋದು ಅವರಿಗೆ ನೆನಪಿರುತ್ತೆ. ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಹೂದಾನಿಯ ಒಳಗೇ ಹಾಕಿಡಿ. ಮಾರೋದೋ ಇಟ್ಟುಕೊಳ್ಳೋದೋ, ಅದು ಆಮೇಲಿನ ಮಾತು.